ಹಲೋ ಚಿಕ್ಕಮ್ಮನ ಎಡಗಿವಿ

ಹಲೋ ಚಿಕ್ಕಮ್ಮನಿಗೆ ಆ ಹೆಸರು ಬಂದದ್ದು ಅಕ್ಕನ ಮಗಳಿಂದ. ಆ ಹುಡುಗಿ ಚಿಕ್ಕವಳಿದ್ದಾಗ ಯಾರೋ "ನಿಮ್ಮ ಚಿಕ್ಕಮ್ಮನಿಗೆ ಏನು ಕೆಲಸ?" ಎಂದು ಕೇಳಿದರಂತೆ. "ಹಲೋ ಅನ್ನೋದು" ಎಂದಳಂತೆ. ತಪ್ಪೇನೂ ಇಲ್ಲ ಬಿಡಿ. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು ಅವಳು ಮಾಡಿದ್ದು ಅದನ್ನೇ. ಹೆಸರು ಮನೆಯಿಂದ ಮೆಟ್ಟಿಲಿಳಿದು ಬೀದಿಗೆ ಬಂತು. ಈಗ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಎದುರುಮನೆಯ ಹೆಡ್‌ಮಾಸ್ತರರೂ "ಹಲೋ ಚಿಕ್ಕಮ್ಮ ಇದ್ದಾರೋ?" ಎಂದೇ ಬಾಗಿಲು ತಟ್ಟುತ್ತಾರೆ.

ನಿವೃತ್ತಿಯಾದ ಮೇಲೆ ಅವಳು ಹಚ್ಚಿಕೊಂಡ ಕೆಲಸವೆಂದರೆ ಹಳೆಯ ಕ್ಯಾಸೆಟ್ಟುಗಳಲ್ಲಿರುವ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು. ಶುರುವಾದದ್ದು ತನ್ನವೇ ನಾಲ್ಕು ಕ್ಯಾಸೆಟ್ಟಿನಿಂದ. ಅಕ್ಕನ ಮಗಳು ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನೂ ಬೆಂಕಿಪೊಟ್ಟಣದಷ್ಟಿದ್ದ ಒಂದು ಕಪ್ಪು ಡಬ್ಬಿಯನ್ನೂ ತಂದುಕೊಟ್ಟು, ಟೇಪ್ ರೆಕಾರ್ಡರಿನ ತಂತಿ ಇಲ್ಲಿ ಸಿಕ್ಕಿಸು, ಶುರು ಮಾಡುವಾಗ ಈ ಕೆಂಪು ಚುಕ್ಕೆ ಒತ್ತು, ಮುಗಿದ ಮೇಲೆ ಈ ಚೌಕ ಒತ್ತು ಎಂದು ಹೇಳಿಕೊಟ್ಟು ಹೋದಳು. ಸುದ್ದಿ ಬೀದಿಯಲ್ಲಿ ಹಬ್ಬಿತು. ಕ್ಷೌರದಂಗಡಿಯವನು ತನ್ನ ತಮ್ಮ ಬ್ಯಾಂಡಿನಲ್ಲಿ ಊದಿದ ಕ್ಲಾರಿನೆಟ್ಟಿನ ಕ್ಯಾಸೆಟ್ ತಂದ. ಹೆಡ್‌ಮಾಸ್ತರರು ತೀರಿಕೊಂಡ ಹೆಂಡತಿಯ ಹಾಡಿನ ಕ್ಯಾಸೆಟ್ ತಂದರು. ಅದರಲ್ಲಿ ಹಾಡು ಎರಡೇ. ಮಿಕ್ಕಿದ್ದೆಲ್ಲ ರೆಕಾರ್ಡರ್ ನೆಟ್ಟಗೆ ಹಿಡಿಯಲು ಬಾರದ ಗಂಡನಿಗೆ ಆಕೆ ಬೈದದ್ದು. ಈಗ ಅವರು ಅದನ್ನು ದಿನಾ ಬೆಳಿಗ್ಗೆ ಕೇಳುತ್ತಾರೆ, ಮುಖಕ್ಕೆ ಒಂದು ಕಳೆ ಬಂದಿದೆ.

ಕೆಲಸ ನಡೆಯುವುದು ಹಿಂದಿನ ಕೋಣೆಯಲ್ಲಿ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಮೇಲೆ ಎರಡು ರೆಕಾರ್ಡರು, ಒಂದು ಸೀಸೆ ಸ್ಪಿರಿಟ್ಟು, ಹತ್ತಿ, ಸಡಿಲವಾದ ಟೇಪನ್ನು ಬಿಗಿದು ಸುತ್ತಲು ಆರು ಮೂಲೆಯ ಒಂದು ಪೆನ್ಸಿಲು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅದರಲ್ಲಿ ಅವಸರಕ್ಕೆ ದಾರಿಯಿಲ್ಲ. ಚಿಕ್ಕಮ್ಮ ಅಷ್ಟು ಹೊತ್ತೂ ಅಲುಗಾಡದೆ ಕೂತು ಕೇಳುತ್ತಾಳೆ. ಸ್ಪೀಕರ್ ಇಟ್ಟುಕೊಂಡಿಲ್ಲ. ಇನ್ನೊಬ್ಬರ ಮನೆಯ ದನಿ ತನ್ನ ಮನೆಯ ಗೋಡೆಗೂ ಕೇಳಿಸಬಾರದು ಎಂಬುದು ಎಕ್ಸ್‌ಚೇಂಜಿನಿಂದ ಬಂದ ಶಿಸ್ತು. ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ, ಅದೂ ಎಡಗಿವಿಗೆ ಮಾತ್ರ. ಆಪರೇಟರುಗಳ ಹೆಡ್‌ಫೋನಿಗೆ ಒಂದೇ ಕಿವಿ ಇರುತ್ತಿತ್ತು. ಇನ್ನೊಂದು ಕಿವಿ ಸೂಪರ್‌ವೈಸರ್ ಬೈಯುವುದನ್ನು ಕೇಳಿಸಿಕೊಳ್ಳಲು. ಆ ಅಭ್ಯಾಸ ಎಷ್ಟು ಹಠಮಾರಿಯೆಂದರೆ, ಎರಡು ಕಿವಿಯ ಹೆಡ್‌ಫೋನ್ ಕೊಂಡು ತಂದರೂ ಬಲಗಡೆಯ ಬಟ್ಟಲನ್ನು ಅವಳ ಕೈ ತಾನೇ ಕಿವಿಯ ಹಿಂದಕ್ಕೆ ತಳ್ಳಿಬಿಡುತ್ತದೆ.

ಅವಳದು ಇನ್ನೊಂದು ವಿಚಿತ್ರ. ಯಾರ ಕ್ಯಾಸೆಟ್ ಬಂದರೂ ಮೊದಲು ಅದರ ಬೆನ್ನಿನ ಮೇಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಚಾಕುವಿನಿಂದ ಮೀಟಿ ಮುರಿಯುತ್ತಾಳೆ. ಅವು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಯಾರೂ ಮತ್ತೆ ರೆಕಾರ್ಡ್ ಮಾಡಲಾರರು. "ನಲವತ್ತು ವರ್ಷದಿಂದ ಯಾರೂ ಮಾಡ್ಲಿಲ್ಲ, ಇನ್ನು ಯಾರು ಮಾಡ್ತಾರೆ ಚಿಕ್ಕಮ್ಮ?" ಎಂದು ಕ್ಷೌರದಂಗಡಿಯವನು ನಕ್ಕಿದ್ದ. "ನಿನಗೆ ಗೊತ್ತಿಲ್ಲ, ಸುಮ್ನಿರು" ಎಂದು ಅವಳು ಗದರಿಸಿದ್ದಳು. ಅವನಿಗೆ ಗೊತ್ತಿರಲಿಲ್ಲ ನಿಜ. ಯಾರಿಗೂ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಚಿಕ್ಕಮ್ಮ ತನ್ನ ಅಕ್ಕನ ಹಾಡಿನ ಮೇಲೆ ತನ್ನ ಮಾತನ್ನು ರೆಕಾರ್ಡ್ ಮಾಡಿ ಕೂತಿದ್ದಳು.

ಆಗ ಅಕ್ಕ ಹಾಡುತ್ತಿದ್ದಳು. ಹಾಡುತ್ತಿದ್ದಳೆಂದರೆ ಹಾದಿಯಲ್ಲಿ ಹೋಗುವವರು ಕಿಟಕಿಯ ಕೆಳಗೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುವಷ್ಟು. ಅವಳ ಮದುವೆಗೆ ಮುಂಚೆ, ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ರಜೆಗೆ ಬಂದವರು, ಜೊತೆಯಲ್ಲಿ ತಂದಿದ್ದ, ಟೇಪು ಸುತ್ತಿದ ಚಕ್ರಗಳು ತಿರುಗುವ ದೊಡ್ಡ ಸ್ಪೂಲ್ ರೆಕಾರ್ಡರಿನಲ್ಲಿ ಒಂದು ಮಧ್ಯಾಹ್ನ ಕೂರಿಸಿ ಅವಳಿಂದ ಆರು ಹಾಡು ಹಾಡಿಸಿದರು. "ಮದುವೆ ಆದ್ಮೇಲೆ ನಿನಗೆ ಪುರುಸೊತ್ತು ಸಿಗಲ್ಲ, ಈಗ್ಲೇ ಹಾಡಿಬಿಡು" ಎಂದರಂತೆ. ಮಾವನ ಮಾತು ಅಕ್ಷರಶಃ ನಿಜವಾಯಿತು. ಆಮೇಲೆ ಅಕ್ಕ ಹಾಡಿದ್ದು ಪಾತ್ರೆ ತೊಳೆಯುತ್ತಾ, ಬಟ್ಟೆ ಹರವುತ್ತಾ, ಮಗಳನ್ನು ಮಲಗಿಸುತ್ತಾ. ಅದನ್ನೆಲ್ಲ ರೆಕಾರ್ಡ್ ಮಾಡುವವರು ಯಾರು?

ಮರುವರ್ಷ ಎಕ್ಸ್‌ಚೇಂಜಿನಲ್ಲಿ ಒಂದು ಆಯ್ಕೆ ನಡೆಯುವುದಿತ್ತು. ಫೋನಿನ ಸಾಲುಗಳು ಖಾಲಿಯಿಲ್ಲದಾಗ ಕೇಳಿಸುವ ಪ್ರಕಟಣೆಗೆ ಒಂದು ಒಳ್ಳೆಯ ದನಿ ಬೇಕಾಗಿತ್ತು. ಚಿಕ್ಕಮ್ಮನಿಗೆ ಇಪ್ಪತ್ತೈದು, ಆ ದನಿ ತನ್ನದೇ ಆಗಬೇಕೆಂಬ ಆಸೆ ಹುಚ್ಚು ಹಿಡಿಸಿತ್ತು. ಮಾವ ಮನೆಯಲ್ಲೇ ಬಿಟ್ಟುಹೋಗಿದ್ದ ಯಂತ್ರಕ್ಕೆ ಖಾಲಿ ಸ್ಪೂಲ್ ಏರಿಸಿ, ಅಪ್ಪ ಮಲಗಿದ್ದ ಒಂದು ಮಧ್ಯಾಹ್ನ, ಅರ್ಧ ಗಂಟೆ ಅದೇ ಮೂರು ವಾಕ್ಯಗಳನ್ನು ಬಗೆಬಗೆಯಾಗಿ ಹೇಳಿದಳು. ಆಮೇಲೆ ಹೆಡ್‌ಫೋನಿನಲ್ಲಿ ಕೇಳಿ ಮೆಚ್ಚಿಕೊಂಡಳು ಕೂಡ. ಸ್ಪೂಲನ್ನು ಕೆಳಗಿಳಿಸುವಾಗ ಅದರ ನಡುವಿನ ತೂತಿಗೆ ಕಟ್ಟಿದ್ದ ಕೆಂಪು ದಾರ ಕಣ್ಣಿಗೆ ಬಿತ್ತು. ಅದು ಅಕ್ಕ ಕಟ್ಟಿದ ಗುರುತು. ಹಾಡಿನ ಟೇಪನ್ನು ಯಾರೋ ಖಾಲಿ ಟೇಪಿನ ಡಬ್ಬಿಗೆ ಹಾಕಿಟ್ಟಿದ್ದರು. ಆ ಯಾರೋ ಬೇರೆ ಯಾರೂ ಅಲ್ಲ, ಹಿಂದಿನ ವಾರ ಹಾಡು ಕೇಳಿ ಸರಿಯಾಗಿ ನೋಡದೆ ಎತ್ತಿಟ್ಟ ಅವಳೇ.

ಮತ್ತೆ ಏರಿಸಿ ಕೇಳಿದಳು. ಮುಂದಕ್ಕೆ ಓಡಿಸಿ, ಹಿಂದಕ್ಕೆ ಓಡಿಸಿ ಕೇಳಿದಳು. ತನ್ನ ದನಿ, ತನ್ನ ದನಿ, ತನ್ನ ದನಿ. ಸ್ಪೂಲನ್ನು ಡಬ್ಬಿಗೆ ಹಾಕಿ ಬಚ್ಚಿಟ್ಟಳು. ಅದೇ ತಿಂಗಳು ಮನೆ ಬದಲಾಯಿಸಿದರು, ಯಂತ್ರವನ್ನು ಮಾರಿದರು. ಅಕ್ಕ ತವರಿಗೆ ಬಂದು ಟೇಪು ಎಲ್ಲಿ ಎಂದಾಗ, "ಸಾಮಾನು ಸಾಗಿಸುವಾಗ ಲಾರಿಯವರು ಕಳೆದುಬಿಟ್ರು" ಎಂದು ಚಿಕ್ಕಮ್ಮನ ಬಾಯಿಂದ ಬಂದುಬಿಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಮನೆಯಲ್ಲಿ ಹಾಡಿನ ಮಾತು ಬಂದಾಗಲೆಲ್ಲ ಅಕ್ಕ ಆ ಲಾರಿಯವರಿಗೆ ಹಿಡಿಶಾಪ ಹಾಕುತ್ತಾಳೆ, ಚಿಕ್ಕಮ್ಮ "ಹೂಂ" ಎನ್ನುತ್ತಾಳೆ. ಸ್ಪೂಲು ಮಾತ್ರ ಅವಳ ಬೀರುವಿನಲ್ಲಿ, ಕಂಬಳಿಗಳ ಅಡಿಯಲ್ಲಿ ಹಾಗೇ ಇತ್ತು. ಬಿಸಾಡಲು ಕೈ ಬರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಎರಡು ವರ್ಷದ ಹಿಂದೆ ಅಕ್ಕನ ಕುತ್ತಿಗೆಗೆ ಆಪರೇಷನ್ ಆಯಿತು. ಗೆಡ್ಡೆ ಹೋಯಿತು, ಜೀವ ಉಳಿಯಿತು, ದನಿ ಮಾತ್ರ ವಾಪಸು ಬರಲಿಲ್ಲ. ಈಗ ಅವಳ ಮಾತೆಲ್ಲ ಬರಿಯ ಉಸಿರು. ದೂರದವರನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ, ಜಗಳವಾಡಬೇಕಾದರೂ ಚಪ್ಪಾಳೆಯೇ. ಅವಳಿಗೆ ಮೂರು ವರ್ಷದ ಮೊಮ್ಮಗಳೊಬ್ಬಳಿದ್ದಾಳೆ. ಅಜ್ಜಿಯ ಜೊತೆ ಪಿಸುಗುಟ್ಟಿಕೊಂಡೇ ಮಾತಾಡಬೇಕು, ಅದೇ ನಿಯಮ ಎಂದು ಆ ಮಗು ತಿಳಿದುಕೊಂಡಿದೆ. ಇಬ್ಬರೂ ಸೋಫಾದ ಮೇಲೆ ಕೂತು ಗಂಟೆಗಟ್ಟಲೆ ಕಳ್ಳರಂತೆ ಪಿಸಪಿಸ ಎನ್ನುವುದನ್ನು ನೋಡಿ ಎಲ್ಲರೂ ನಗುತ್ತಾರೆ. ಚಿಕ್ಕಮ್ಮನೂ ನಗುತ್ತಾಳೆ, ಆಮೇಲೆ ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಾಳೆ.

ಹೀಗಿರುವಾಗ ಗಡಿಯಾರ ರಿಪೇರಿಯವರು ಒಂದು ದಿನ ಆಟೋದಲ್ಲಿ ಭಾರದ ಪೆಟ್ಟಿಗೆ ಇಟ್ಟುಕೊಂಡು ಬಂದರು. ಅವರ ತಂದೆ ನುಡಿಸಿದ ಪಿಟೀಲು ಹತ್ತು ಸ್ಪೂಲುಗಳಲ್ಲಿತ್ತು. ಸ್ಪೂಲು ಓಡಿಸುವ ಯಂತ್ರ ಚಿಕ್ಕಮ್ಮನ ಹತ್ತಿರ ಇಲ್ಲವೆಂದು ಗೊತ್ತಿದ್ದರಿಂದ ಯಂತ್ರವನ್ನೂ ತಾವೇ ರಿಪೇರಿ ಮಾಡಿ ತಂದಿದ್ದರು. "ಎರಡು ವಾರ ಇಟ್ಕೊಳ್ಳಿ, ಅವಸರ ಇಲ್ಲ" ಎಂದು ಹೋದರು. ಚಿಕ್ಕಮ್ಮ ಆ ಯಂತ್ರವನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಮಾವ ತಂದಿದ್ದ ಥರದ್ದೇ.

ಅಕ್ಕ ಬರುವುದು ಗುರುವಾರ ಗುರುವಾರ, ಮೂರು ಗಂಟೆಗೆ. ಆ ಗುರುವಾರ ಬಂದವಳೇ ಯಂತ್ರದ ಮುಂದೆ ನಿಂತಳು, ಅದರ ದೊಡ್ಡ ಚಕ್ರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದಳು.

"ಆ ಟೇಪು ಇದ್ದಿದ್ರೆ" ಎಂದು ಪಿಸುಗುಟ್ಟಿದಳು, "ಮಗುಗೆ ಒಂದ್ಸಲ ಕೇಳಿಸ್ಬಹುದಿತ್ತು. ನನಗೂ ಒಂದು ದನಿ ಇತ್ತು ಅಂತ."

ಲಾರಿಯವರಿಗೆ ಅವತ್ತು ಅವಳು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಆಮೇಲಿನ ನಾಲ್ಕು ದಿನ ಚಿಕ್ಕಮ್ಮನಿಗೆ ಊಟ ಸೇರಲಿಲ್ಲ. ಪಿಟೀಲಿನ ಸ್ಪೂಲು ಓಡುತ್ತಿದ್ದರೂ ಮನಸ್ಸೆಲ್ಲ ಬೀರುವಿನಲ್ಲಿ. ಅರ್ಧ ಗಂಟೆಯೆಂದು ತಾನು ಅಂದುಕೊಂಡದ್ದು ಇಪ್ಪತ್ತೈದೇ ನಿಮಿಷ ಇದ್ದೀತು, ಕೊನೆಯ ಹಾಡಿನ ಬಾಲವಾದರೂ ಉಳಿದಿದ್ದೀತು ಎಂಬ ಒಂದು ಆಸೆ. ಮಂಗಳವಾರ ಹನ್ನೊಂದು ಗಂಟೆಗೆ ಬಾಗಿಲಿಗೆ ಚಿಲಕ ಹಾಕಿ, ಕಂಬಳಿಗಳ ಅಡಿಯಿಂದ ಡಬ್ಬಿ ತೆಗೆದು, ಯಂತ್ರದಲ್ಲಿ ಟೇಪು ತಾಗಿ ಓಡುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಸ್ಪೂಲು ಏರಿಸಿದಳು.

"ಈ ಮಾರ್ಗದ ಎಲ್ಲಾ ಸಾಲುಗಳು ಕಾರ್ಯನಿರತವಾಗಿವೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ. ಧನ್ಯವಾದಗಳು." ಇಪ್ಪತ್ತೈದರ ಹುಡುಗಿ, ಮೂಗಿನಲ್ಲಿ ಸ್ವಲ್ಪ ಜಂಬ. ಮತ್ತೆ ಅದೇ. ಮತ್ತೆ ಅದೇ, ಇನ್ನೂ ಮೆಲ್ಲಗೆ. ಒಂದು ಕಡೆ ಒಂದು ಸೀನು, ಅದರ ಹಿಂದೆಯೇ ಒಂದು ಕ್ಷಮಿಸಿ. ಇದರ ಮಧ್ಯೆ ಎಲ್ಲೋ ಪಕ್ಕದ ಮನೆಯ ರೇಡಿಯೋ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಚಿಕ್ಕಮ್ಮ ಸಿಡುಕಿನಿಂದ ಎದ್ದು ಕಿಟಕಿ ಮುಚ್ಚಿ ಬಂದು ಕೂತಳು. ಟೇಪು ಕೊನೆಯವರೆಗೂ ಓಡಿ, ಅಂಚು ಪಟಪಟ ಹೊಡೆದುಕೊಂಡಿತು. ಹಾಡಿನ ಒಂದು ಸಾಲೂ ಉಳಿದಿರಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಒಂದು ತೀರ್ಮಾನಕ್ಕೆ ಬಂದಳು: ಇನ್ನು ಮುಚ್ಚಿಡುವುದು ತನ್ನ ಕೈಲಾಗದು, ಗುರುವಾರ ಹೇಳಿಬಿಡುವುದೇ ಸೈ.

ಗುರುವಾರ ಬಂತು. ಅಕ್ಕ ಒಳಗೆ ಕಾಲಿಟ್ಟವಳು ಯಂತ್ರದ ಮೇಲಿನ ಸ್ಪೂಲನ್ನೂ ಕೆಂಪು ದಾರವನ್ನೂ ಕಂಡು ಅಲ್ಲೇ ನಿಂತಳು. ಕೈಚೀಲ ಕೈಯಿಂದ ಜಾರಿತು.

"ಇದೆಲ್ಲಿ ಸಿಕ್ತೇ?"

"ಕೂತ್ಕೋ ಅಕ್ಕ. ಮೊದ್ಲು ಕೇಳು, ಆಮೇಲೆ ಎಲ್ಲಾ ಹೇಳ್ತೀನಿ."

ಹೆಡ್‌ಫೋನ್ ಒಂದೇ. ಚಿಕ್ಕಮ್ಮ ಎಂದಿನಂತೆ ಎಡಗಿವಿಗೆ ಹಾಕಿಕೊಂಡು ಬಲಗಡೆಯ ಬಟ್ಟಲನ್ನು ಹೊರಕ್ಕೆ ತಿರುಗಿಸಿದಳು. ಅಕ್ಕ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ತನ್ನ ಕಿವಿಯನ್ನು ಅದಕ್ಕೆ ಒತ್ತಿದಳು. ಇಬ್ಬರ ತಲೆಯೂ ಒಂದಕ್ಕೊಂದು ತಗುಲಿತು. ಕಂಪ್ಯೂಟರಿನ ಕೆಂಪು ಚುಕ್ಕೆ ಒತ್ತಿ, ಟೇಪು ಬಿಟ್ಟು, ಚಿಕ್ಕಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಎರಡು ದಿನದಿಂದ ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಾಗಲಿಲ್ಲ.

"ಈ ಮಾರ್ಗದ ಎಲ್ಲಾ ಸಾಲುಗಳು" ಎಂದು ಟೇಪಿನ ಹುಡುಗಿ ಶುರು ಮಾಡಿದಳು. ಅಕ್ಕ ಚಿಕ್ಕಮ್ಮನ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು. ಉಗುರು ನಾಟಿತು.

"ಅಕ್ಕ, ಬೇಕಂತ ಮಾಡಿದ್ದಲ್ಲ" ಎಂದಳು ಚಿಕ್ಕಮ್ಮ, ಕಣ್ಣು ಮುಚ್ಚಿಕೊಂಡೇ. "ಡಬ್ಬಿ ಅದಲುಬದಲಾಗಿತ್ತು. ಅದೂ ನನ್ನಿಂದಾನೇ. ನಿನ್ನ ಹಾಡಿನ ಮೇಲೆ ಈ ಹಾಳು ಮಾತು ರೆಕಾರ್ಡ್ ಮಾಡಿಬಿಟ್ಟೆ."

ಅಕ್ಕನ ಉಸಿರು ಮಾತ್ರ ಜೋರಾಗುತ್ತಿತ್ತು. ಅಳುತ್ತಿದ್ದಾಳೆಂದು ಚಿಕ್ಕಮ್ಮನಿಗೆ ಗೊತ್ತಾಯಿತು.

"ಲಾರಿಯವರು ಏನೂ ಕಳೀಲಿಲ್ಲ. ಪಾಪ, ಅವರಿಗೆ ಇಷ್ಟು ವರ್ಷ ಬೈದ್ವಿ. ಕಳ್ಳಿ ನಾನು. ಹೊಡಿ ಬೇಕಾದ್ರೆ, ಹೊಡಿ ಅಕ್ಕ..."

"ಶ್!"

"ಶ್ ಅಂದ್ರೆ ಹೇಗೆ, ನಾನು ಹೇಳ್ಲೇಬೇಕು..."

"ಸುಮ್ನಿರೇ ಸ್ವಲ್ಪ! ಚರಣ ಶುರುವಾಗ್ತಿದೆ."

ಚಿಕ್ಕಮ್ಮ ಕಣ್ಣು ಬಿಟ್ಟಳು. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಎಂಬುದಕ್ಕೆ ಚರಣ ಎಲ್ಲಿಂದ ಬಂತು? ಆಘಾತಕ್ಕೆ ಅಕ್ಕನ ತಲೆ ಕೆಟ್ಟಿತೆಂದೇ ಅವಳು ತಿಳಿದಳು. ನೋಡಿದರೆ ಅಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ, ಬಾಯಿ ನಗುತ್ತಿದೆ, ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದೆ.

"ಯಾವ ಚರಣ? ಅಕ್ಕ, ಯಾವ ಚರಣ?"

ಅಕ್ಕ ಹೊರಕ್ಕೆ ತಿರುಗಿದ್ದ ಬಟ್ಟಲನ್ನು ಒಳಕ್ಕೆ ತಿರುಗಿಸಿ ತಂಗಿಯ ಬಲಗಿವಿಗೆ ಒತ್ತಿಬಿಟ್ಟಳು.

ಅಲ್ಲಿ ಅಕ್ಕ ಹಾಡುತ್ತಿದ್ದಳು. ಇಪ್ಪತ್ತೆಂಟು ವರ್ಷದ ಅಕ್ಕ, ತುಂಬು ಕಂಠದ ಅಕ್ಕ, ಕಿಟಕಿಯ ಕೆಳಗೆ ಜನ ನಿಲ್ಲಿಸುತ್ತಿದ್ದ ಅಕ್ಕ. ಎಡಗಿವಿಯಲ್ಲಿ ಪ್ರಕಟಣೆ, ಬಲಗಿವಿಯಲ್ಲಿ ಹಾಡು. ಒಂದರ ಮೇಲೊಂದು ಬೀಳದೆ, ಒಂದೇ ಟೇಪಿನ ಮೇಲೆ ಅಕ್ಕಪಕ್ಕ ಇಷ್ಟು ವರ್ಷ ಸುಮ್ಮನೆ ಇದ್ದವು. ಚಿಕ್ಕಮ್ಮ ಬೆಪ್ಪಾಗಿ ಯಂತ್ರವನ್ನು ನೋಡಿದಳು. ಅದಕ್ಕೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಎರಡು, ಎಡಕ್ಕೊಂದು ಬಲಕ್ಕೊಂದು. ಮೈಕು ಸಿಕ್ಕಿಸುವ ತೂತೂ ಎರಡು. ಮಾವ ಎರಡು ಮೈಕು ಇಟ್ಟು ಎರಡೂ ಗುಂಡಿ ಒತ್ತಿದ್ದರು. ತನಗೆ ಒಂದೇ ಬಾಯಿ, ಒಂದೇ ಮೈಕು ಸಾಕು ಎಂದು ಅವಳು ಎಡಗಡೆಯದನ್ನು ಮಾತ್ರ ಒತ್ತಿದ್ದಳು. ಅಳಿಸಿದ್ದು ಎಡಗಡೆಯ ಅರ್ಧ. ಬಲಗಡೆಯ ಅರ್ಧದ ಕೂದಲೂ ಕೊಂಕಿರಲಿಲ್ಲ. ಅವತ್ತೂ ಎಡಗಿವಿಯಲ್ಲಿ ಕೇಳಿದ್ದಳು, ಮೊನ್ನೆ ಮಂಗಳವಾರವೂ ಎಡಗಿವಿಯಲ್ಲೇ ಕೇಳಿ ಅತ್ತಿದ್ದಳು. ಪಕ್ಕದ ಮನೆಯವರ ರೇಡಿಯೋ ಎಂದು ಕಿಟಕಿ ಮುಚ್ಚಿದ್ದು ಅಕ್ಕನ ಹಾಡಿಗೆ!

ಹೋದ ಜೀವ ಬಂದ ಹಾಗಾಯಿತು. ಮೊದಲು ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಸೇರಿ ಬಿಕ್ಕಳಿಕೆ ಹಿಡಿಯಿತು. ಅಕ್ಕ ಬಟ್ಟಲನ್ನು ಕಿತ್ತುಕೊಂಡು ಮತ್ತೆ ತನ್ನ ಕಿವಿಗೆ ಹಿಡಿದಳು. ಆರು ಹಾಡೂ ಮುಗಿಯುವವರೆಗೆ ಬಿಡಲಿಲ್ಲ. ಮುಗಿದ ಮೇಲೆ ಚಿಕ್ಕಮ್ಮ ಚೌಕ ಒತ್ತಿ, ಫೈಲು ಉಳಿಯಿತೋ ಇಲ್ಲವೋ ಎಂದು ಮೂರು ಸಲ ತೆರೆದು ನೋಡಿದಳು. ಉಳಿದಿತ್ತು.

"ಆಗ ಏನೋ ಒದರ್ತಿದ್ದೆಯಲ್ಲ, ಏನದು?" ಎಂದು ಅಕ್ಕ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು. "ಹಾಡಲ್ಲಿ ನನಗೆ ಏನೂ ಕೇಳಿಸ್ಲಿಲ್ಲ."

ಚಿಕ್ಕಮ್ಮನಿಗೆ ಒಂದು ಕ್ಷಣ ಬುದ್ಧಿ ಕೆಟ್ಟದ್ದು ನಿಜ. ಹಾಡು ಸಿಕ್ಕಿತು, ಅಕ್ಕ ಖುಷಿಯಾಗಿದ್ದಾಳೆ, ಹಳೆಯ ಪೆಟ್ಟಿಗೆಯ ತಳದಲ್ಲಿತ್ತು ಎಂದುಬಿಟ್ಟರೆ ಮುಗಿಯಿತು. ನಾಲಿಗೆಯ ತುದಿಯವರೆಗೂ ಬಂತು. ಆದರೆ ಇನ್ನೊಂದು ಸುಳ್ಳನ್ನು ಕಂಬಳಿಯ ಅಡಿಯಲ್ಲಿಟ್ಟು ಸಾಕುವ ತ್ರಾಣ ಅವಳಲ್ಲಿರಲಿಲ್ಲ. ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು, ಈ ಸಲ ಕಣ್ಣು ಬಿಟ್ಟುಕೊಂಡು, ಯಾವ ಹಾಡೂ ಅಡ್ಡವಿಲ್ಲದೆ.

ಅಕ್ಕ ಚಪ್ಪಾಳೆ ಹೊಡೆಯಲಿಲ್ಲ. ಬಹಳ ಹೊತ್ತು ಸ್ಪೂಲಿನ ಕೆಂಪು ದಾರವನ್ನು ಬಿಚ್ಚುತ್ತಾ ಕಟ್ಟುತ್ತಾ ಕೂತಳು.

"ಆ ಸೆಲೆಕ್ಷನ್‌ಗೆ ನೀನು ಹೋಗ್ಲೇ ಇಲ್ವಲ್ಲ" ಎಂದಳು ಕೊನೆಗೆ. "ಜ್ವರ ಬಂದಿತ್ತು ಅಂತ ಅಪ್ಪ ಕಾಗದ ಬರೆದಿದ್ರು."

"ಜ್ವರಾನೂ ಇಲ್ಲ, ಮಣ್ಣೂ ಇಲ್ಲ. ಮತ್ತೆ ಮೈಕಿನ ಮುಂದೆ ನಿಂತು ಅದೇ ಮಾತು ಹೇಳೋಕೆ ನನಗೆ ಬಾಯೇ ಬರ್ಲಿಲ್ಲ. ನಿನ್ನ ಹಾಡು ಅಳಿಸಿದ ಮಾತು ಅದು."

ಆಯ್ಕೆಯಾದದ್ದು ಇನ್ನೊಬ್ಬ ಹುಡುಗಿ. ಪಾಠ ಒಪ್ಪಿಸುವಂತೆ ಹೇಳುತ್ತಿದ್ದ ಅವಳ ದನಿಯನ್ನು ಇಪ್ಪತ್ತು ವರ್ಷ ಊರೆಲ್ಲ ಕೇಳಿತು, ಚಿಕ್ಕಮ್ಮನೂ ಬೋರ್ಡಿನ ಮುಂದೆ ಕೂತು ದಿನಕ್ಕೆ ನೂರು ಸಲ ಕೇಳಿದಳು. ಅಕ್ಕ ಅದನ್ನೆಲ್ಲ ಲೆಕ್ಕ ಹಾಕುತ್ತಿದ್ದಳೋ ಏನೋ, ತಂಗಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿದಳು.

"ಹೆಡ್‌ಫೋನ್ ಕೊಡು. ಮೊದ್ಲಿಂದ ಹಾಕು."

"ಇನ್ನೊಂದ್ಸಲ ಹಾಡು ಕೇಳ್ತೀಯಾ?"

"ಹಾಡು ಕೇಳಾಯ್ತು."

ಅಕ್ಕ ಹೆಡ್‌ಫೋನ್ ಹಾಕಿಕೊಂಡು ಬಲಗಡೆಯ ಬಟ್ಟಲನ್ನು ಕಿವಿಯ ಹಿಂದಕ್ಕೆ ತಳ್ಳಿದಳು. ಎಡಗಡೆಯದನ್ನು ಅಂಗೈಯಿಂದ ಒತ್ತಿ ಹಿಡಿದಳು. ಚಿಕ್ಕಮ್ಮನಿಗೆ ಕೇಳಿಸಿಕೊಳ್ಳಲು ಏನೂ ಉಳಿಯಲಿಲ್ಲ, ಎದುರಿಗೆ ಕೂತು ಅಕ್ಕನ ಮುಖ ನೋಡಿದಳು. ಅಕ್ಕ ಅರ್ಧ ಗಂಟೆಯೂ ಕದಲಲಿಲ್ಲ. ಒಂದು ಕಡೆ ಫಕ್ಕನೆ ನಕ್ಕಳು, ಬಹುಶಃ ಹುಡುಗಿ ಸೀನಿ, ಇಲ್ಲದ ಚಂದಾದಾರರ ಕ್ಷಮೆ ಕೇಳಿದ ಜಾಗ. ಕೆಲವು ಕಡೆ ಸೈ ಎಂಬಂತೆ ತಲೆಯಾಡಿಸಿದಳು.

"ಆ ಸೆಲೆಕ್ಟ್ ಆದ ಹುಡುಗಿಗಿಂತ ನಿಂದೇ ಚೆನ್ನಾಗಿತ್ತು ಕಣೇ" ಎಂದಳು ಹೆಡ್‌ಫೋನ್ ತೆಗೆಯುತ್ತಾ. "ನಿನ್ನನ್ನೇ ತಗೋತಿದ್ರು."

ಚಿಕ್ಕಮ್ಮನಿಗೆ ಅಷ್ಟು ವರ್ಷ ಹೊತ್ತ ಭಾರ ಇಳಿದ ಜಾಗ ಹಗುರಾಗಿ, ಸ್ವಲ್ಪ ನೋಯುತ್ತಲೂ ಇತ್ತು. ಮಾತು ತೇಲಿಸಲು ಲ್ಯಾಪ್‌ಟಾಪಿನ ಕಡೆ ತಿರುಗಿದಳು.

"ಮಗುಗೆ ಕೊಡೋದ್ರಲ್ಲಿ ನನ್ನ ಗಲಾಟೆ ಯಾಕೆ? ಎಡಗಡೆಯದನ್ನ ತೆಗೆದುಬಿಡ್ತೀನಿ, ಬರೀ ನಿನ್ನ ಹಾಡು ಇರ್ಲಿ. ಹೇಗೆ ತೆಗೆಯೋದು ಅಂತ ನಿನ್ನ ಮಗಳನ್ನ ಕೇಳಿದ್ರಾಯ್ತು."

ಅಕ್ಕ ಎರಡೂ ಕೈ ಎತ್ತಿ ಕೋಣೆ ಗುಂಯ್ ಎನ್ನುವ ಹಾಗೆ ಒಂದು ಚಪ್ಪಾಳೆ ಹೊಡೆದಳು. ಚಿಕ್ಕಮ್ಮ ಬೆಚ್ಚಿ ಕೈ ಹಿಂದಕ್ಕೆ ತೆಗೆದಳು.

"ಎರಡು ಮಾಡು" ಎಂದು ಅಕ್ಕ ಪಿಸುಗುಟ್ಟಿದಳು. "ಹಾಡಿಂದು ಮಗುಗೆ. ನಿಂದು ನನಗೆ."

ಚಿಕ್ಕಮ್ಮ ಎರಡು ಮಾಡಿದಳು.